ಷರಾ

ಮೂರನೇ ತೊಟ್ಟಿಯ ಮೊಟ್ಟೆ
ನೂರಕ್ಕೆ ಅರವತ್ತು ಬೆಳ್ಳಗಾದವು.
ರಿಜಿಸ್ಟರಿನಲ್ಲಿ ತಾರೀಕು, ತೂಕ, ನೀರಿನ ಬಿಸಿ
ಎಲ್ಲ ತುಂಬಿದ್ದೇನೆ.
ಕೊನೆಯ ಕಾಲಂ ಷರಾ, ನಾಲ್ಕು ದಿನದಿಂದ ಖಾಲಿ.
ಸಾಹೇಬರು ಫೋನಿನಲ್ಲಿ:
'ತಾಯಿ ಸರಿಯಿಲ್ಲ ಅಂತ ಬರಿ, ಮುನಿಲಕ್ಷ್ಮಿ, ಸಾಗಹಾಕು.'

ಹೊರಗೆ ಬೇತಮಂಗಲದ ಕೆರೆ, ಜೀರುಂಡೆ.
ಒಳಗೆ ತೊಟ್ಟಿಯ ನೀರು ಗಾಣದೆತ್ತಿನ ಹಾಗೆ
ಸುತ್ತುತ್ತಲೇ ಇರಬೇಕು.
ನಿಂತರೆ ಎಲ್ಲ ತಳಕ್ಕಿಳಿದು ಉಸಿರು ಕಟ್ಟುತ್ತದೆ.

ಅವಳನ್ನು ನಾನು ಬಲ್ಲೆ.
ಆರೂವರೆ ಕೇಜಿ ಕಾಟ್ಲಾ,
ಎಡಗಡೆ ಕಿವಿರಿನ ಮುಚ್ಚಳದಲ್ಲಿ ಒಂದು ಕಚ್ಚು.
ನಾಲ್ಕು ಮಳೆಗಾಲ ಇದೇ ಕೈಯಲ್ಲಿ ಹೊಟ್ಟೆ ಸವರಿಸಿಕೊಂಡವಳು.
ಬೇಸಿಗೆಯಿಡೀ ಕಡಲೇಕಾಯಿ ಹಿಂಡಿ, ತೌಡು
ಕಲಸಿ ಹಾಕಿದವಳು ನಾನು.
ಟೆಂಡರು ಆಗದೆ ಹಿಂಡಿ ಬಾರದ ಎರಡು ವಾರ
ಬರೀ ತೌಡು.
ಆ ಎರಡು ವಾರವೂ
ಮೊಟ್ಟೆಯೊಳಗೆ ಎಲ್ಲೋ ಕೂತಿರಬೇಕು.

ದಸ್ತಗೀರ್ ಸಾಬರು ಸಂಜೆ ಆರಕ್ಕೆ ಸೂಜಿ ಚುಚ್ಚಿದರು,
ಒದ್ದೆ ಬಟ್ಟೆಯಲ್ಲಿ ಅವಳ ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು.
ನಡುರಾತ್ರಿಗೆ ಮೊಟ್ಟೆ ಮಾಗಬೇಕು, ಮಾಗಿತು.
ಅಷ್ಟರಲ್ಲಿ ಗಂಡುಗಳ ಕೊಳದ ಮೋಟಾರು ಸುಟ್ಟು
ಎರಡು ಸತ್ತು
ಆಚೆ ಕೊಳದಿಂದ ಇನ್ನೆರಡನ್ನು
ಬಲೆ ಹಾಕಿ ಬಕೆಟ್ಟಿನಲ್ಲಿ ಹೊತ್ತು ತರಲು
ಒಂದೂವರೆ ತಾಸು.

ಮಾಗಿದ ಮೊಟ್ಟೆಯೇನು ಮಾವಿನ ಹಣ್ಣೇ,
ಶ್ರೀನಿವಾಸಪುರದ ಮಂಡಿಯಲ್ಲಿ ಇನ್ನೊಂದು ದಿನ ಕಾಯಲು?
ಅದಕ್ಕಿರುವುದು ಒಂದೇ ಬಾಗಿಲು, ಸೂಜಿಮೊನೆಯಷ್ಟು.
ನೀರು ತಾಗಿ ನಿಮಿಷದಲ್ಲಿ ಮುಚ್ಚುತ್ತದೆ.
ಗಂಡಿನ ಹಾಲಿಗೂ ನೀರಲ್ಲಿ ಅಷ್ಟೇ ಆಯಸ್ಸು.
ಬೇಸಿನ್ನಿನಲ್ಲಿ ಎರಡನ್ನೂ ಕೋಳಿಪುಕ್ಕದಿಂದ ಕಲಸುತ್ತಾ
ಸಾಬರು ಉಸಿರು ಬಿಗಿಹಿಡಿದಿದ್ದರು.
ಇಷ್ಟು ಸಣ್ಣ ಮುಹೂರ್ತ
ಯಾವ ಜೋಯಿಸರೂ ಇಟ್ಟಿರಲಾರರು.

ಉಳಿದ ನಲವತ್ತು,
ಸಬ್ಬಕ್ಕಿಯ ಹಾಗೆ ಉಬ್ಬಿ, ತಿಳಿಯಾಗಿ,
ನಡುವೆ ಒಂದು ಚುಕ್ಕಿ.
ಸೂಕ್ಷ್ಮದರ್ಶಕದಡಿ ಎರಡು, ನಾಲ್ಕು, ಎಂಟು,
ಆಮೇಲೆ ಲೆಕ್ಕ ತಪ್ಪಿತು.

ತರಬೇತಿಗೆ ಬಂದ ಮೇಡಂ ಒಬ್ಬರು ಹೇಳಿದ್ದರು:
ಮೊದಲ ಕೆಲವು ಗಂಟೆ ಅದಕ್ಕೆ ಸ್ವಂತ ಮಾತಿಲ್ಲ,
ತನ್ನದೇ ಪೆಟ್ಟಿಗೆಗೆ ಬೀಗ.
ಒಡೆಯುವುದು, ಒಡೆದು ಹಬ್ಬುವುದು ಎಲ್ಲ
ತಾಯಿ ಮೊದಲೇ ಬರೆದಿಟ್ಟ ಚೀಟಿಯಂತೆ.
ಆಮೇಲೊಂದು ಗಳಿಗೆ, ಚೀಟಿ ಕರಗಿಹೋಗುತ್ತದೆ,
ಮರಿ ತಾನೇ ಓದತೊಡಗುತ್ತದೆ.
ನನಗಾಗ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಇಲ್ಲ.
ಆ ಗಳಿಗೆ ಕಣ್ಣಿಗೆ ಕಾಣುವಂಥದ್ದಲ್ಲ.
ನಾನು ಟೀ ಕುಡಿಯಲು ಹೋದಾಗ ಆಗಿರಬಹುದು.

ಬೆಳಿಗ್ಗೆ ಅಲ್ಪವಿರಾಮದ ಹಾಗೆ ಬಾಗಿತು.
ಮಧ್ಯಾಹ್ನ ಮಿಸುಕಿತು.
ರಕ್ತಕ್ಕೆ ಇನ್ನೂ ಬಣ್ಣ ಬಂದಿರಲಿಲ್ಲ,
ಬಡಿತ ಮಾತ್ರ ಬಂದಿತ್ತು.
ಸಂಜೆ ಒಂದೊಂದೇ ಸಿಪ್ಪೆ ಹರಿದುಕೊಂಡು ಹೊರಗೆ.

ಬಾಯಿಲ್ಲ.
ಹೊಟ್ಟೆಗೆ ಕಟ್ಟಿಕೊಂಡ ಬುತ್ತಿಯೊಂದಿದೆ.
ಏರುತ್ತವೆ, ಸೋತು ಬೀಳುತ್ತವೆ, ಮತ್ತೆ ಏರುತ್ತವೆ.
ಬುತ್ತಿ ಕರಗಿದಷ್ಟೂ ಕಣ್ಣು ಕಪ್ಪಾಗುತ್ತದೆ.
ಬುತ್ತಿ ತೀರುವುದಕ್ಕೂ ಬಾಯಿ ಬಿಡುವುದಕ್ಕೂ
ನಡುವೆ ಒಂದು ಇರುಳು.
ದೊಡ್ಡ ಮೊಟ್ಟೆಯಲ್ಲಿ ಬಂದದ್ದಕ್ಕೆ
ಇನ್ನರ್ಧ ದಿನ ಕೈಗಡ ಸಿಗುತ್ತದೆ,
ಚಿಕ್ಕದಕ್ಕೆ ಅದೂ ಇಲ್ಲ.

ಈ ರಾತ್ರಿ ಬಾಯಿ ತೆರೆದಿವೆ.
ಕೋಳಿಮೊಟ್ಟೆ ಬೇಯಿಸಿ, ಹಳದಿ ತೆಗೆದು
ನನ್ನ ಹಳೇ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿ
ಹನಿ ಹನಿ ಬಿಡುತ್ತೇನೆ,
ಇನ್ಯಾರೋ ತಾಯಿ ಇನ್ಯಾವುದೋ ಮರಿಗೆಂದು
ಕಟ್ಟಿಟ್ಟ ಬುತ್ತಿ.
ಬಾಯಿಗಿಂತ ಕಣ ದೊಡ್ಡದಾಗಿ
ಕೆಲವು ಮುಟ್ಟಿ ಹಿಂದೆ ಸರಿಯುತ್ತವೆ.
ಮತ್ತೆ ಸೋಸುತ್ತೇನೆ.

ಷರಾ ಕಾಲಂ ಒಂದೂವರೆ ಅಂಗುಲ ಅಗಲ.
ಅಕ್ಷರ ಸಣ್ಣದು ಮಾಡಿ ಬರೆದೆ:
'ಹಿಂಡಿ ಇಲ್ಲದ ಹದಿನಾಲ್ಕು ದಿನ. ಮೋಟಾರು. ಒಂದೂವರೆ ತಾಸು.'
ಜಾಗ ಮುಗಿಯಿತು.
ತಾಯಿಯ ವಿಷಯ
ಪಕ್ಕದ ಪುಟದ ಮೊದಲ ಸಾಲಿಗೆ ಹೋಯಿತು:
'ತೂಕ ಐದು ಕೇಜಿ ಮುನ್ನೂರು. ಈಜುತ್ತಿದ್ದಾಳೆ.
ನಾಳೆಯಿಂದ ಹಿಂಡಿ ಕೊಡಬೇಕು.'