ಬಿಳಿ ಆರು

ಪೆಟ್ಟಿಗೆಯಲ್ಲಿ ಬಂದದ್ದು ಹತ್ತೊಂಬತ್ತು ಟೇಪು.
ಮೇಲೆ ಪೆನ್ಸಿಲಿನಲ್ಲಿ ತಾರೀಖು, ಅಷ್ಟೆ.
ನುಡಿಸಿದವನು ಎಪ್ಪೊ ಬೂರ್ಮಾ,
ಗ್ರೋನಿಂಗನ್ನಿನ ಉತ್ತರಕ್ಕೆ, ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ
ವಾರವಿಡೀ ಬೀಟ್‌ಗೆಡ್ಡೆ ತೂಗುತ್ತಿದ್ದ ಗುಮಾಸ್ತ;
ಭಾನುವಾರ ಮಾತ್ರ ಇಗರ್ಜಿಯ ಅಟ್ಟ ಹತ್ತಿ
ಆರ್ಗನ್ನಿನ ಮುಂದೆ ಕೂರುತ್ತಿದ್ದ.
ಒಂದು ಸ್ವರವನ್ನೂ ಬರೆದಿಟ್ಟವನಲ್ಲ.
ಬರೆದರೆ ಲೆಕ್ಕವಾಗಿಬಿಡುತ್ತೆ ಅನ್ನುತ್ತಿದ್ದನಂತೆ.

ಈಗ ಲೆಕ್ಕ ಬರೆಯುವ ಸರದಿ ನನ್ನದು.

ನಾಲ್ಕು ಸೆಕೆಂಡು ಕೇಳು. ನಿಲ್ಲಿಸು. ಹಿಂದಕ್ಕೆ ಸುತ್ತು.
ಮತ್ತೆ ಅದೇ ನಾಲ್ಕು.
ಪಕ್ಕದ ಮನೆಯ ವೀಬ ಗೋಡೆ ಕುಟ್ಟಿ ಕೇಳಿದ:
ಅದಕ್ಕೆ ಮುಂದಿನ ಸಾಲೇ ಇಲ್ಲವೇನು?
ಟೇಪು ಒಂಚೂರು ಅವಸರದ್ದು;
ಬಿಳಿ ನಾಲ್ಕಕ್ಕೂ ಕರಿ ಮೂರಕ್ಕೂ ನಡುವೆ
ಯಾವ ಮನೆಗೂ ಸೇರದೆ ನಿಂತ ಶ್ರುತಿ.
ಅದನ್ನು ಇಳಿಸಿ ಕೂರಿಸಲು ಒಂದು ಚಳಿಗಾಲ ಹಿಡಿಯಿತು.

ಪ್ರಾರ್ಥನೆ ಮುಗಿದು ಜನ ಕೋಟು ತೊಡುವಾಗ ನುಡಿಸಿದ್ದು ಇವೆಲ್ಲ.
ಬಾಗಿಲ ಪೆಟ್ಟಿಗೆಗೆ ಬೀಳುವ ನಾಣ್ಯ,
ಪೆಪ್ಪರ್‌ಮಿಂಟಿನ ಕಾಗದ, ಯಾರದೋ ಕೆಮ್ಮು.
ಕೆಮ್ಮಿಗೆ ಅವನು ಕಾದಿದ್ದಾನೆ, ನಿಜ,
ಆ ಕಾಯುವಿಕೆಗೆ ಎಷ್ಟು ಮಾತ್ರೆ ಹಾಕಲಿ?
ಎಡಗಾಲು ಜಾರಿ ತಗುಲಿದ ಪೆಡಲನ್ನು
ತಪ್ಪೆಂದು ಅಳಿಸಿದೆ. ಎರಡು ಸಾಲು ಬಿಟ್ಟು
ಅದೇ ತಪ್ಪನ್ನು ಅವನು ರಾಗ ಮಾಡಿಕೊಂಡಿದ್ದ.
ಅಳಿಸಿದ್ದನ್ನು ಮತ್ತೆ ಬರೆದೆ.

ಹದಿನಾಲ್ಕನೆಯ ಟೇಪು. ನವೆಂಬರು.
ಎರಡು ಕೈಯೂ ಎರಡು ತುದಿಗೆ ಚಾಚಿವೆ,
ಎರಡು ಕಾಲಿಗೂ ಕೆಲಸವಿದೆ,
ಆದರೂ ನಡುವೆ ಒಂದು ಬಿಳಿ ಆರು
ಮೊದಲಿಂದ ಕೊನೆಯವರೆಗೆ, ಉಸಿರೂ ತೆಗೆಯದೆ.
ಯಾವ ಬೆರಳಿಗೆ ಬರೆಯಲಿ?
ಮೂರು ವಾರ ಮೂರನೆಯ ಕೈ ಹುಡುಕಿದೆ.

ಕೊನೆಗೆ ಫ್ರೌಕ್ಯೆಯ ಮನೆಗೆ ಹೋದೆ,
ಹಾಸಿಗೆ ಹಿಡಿದ ಅಜ್ಜಿ ಕೇಳಲೆಂದು
ಈ ಟೇಪು ತುಂಬಿಸಿದ ಹುಡುಗಿ; ಈಗ ಎಂಬತ್ತರ ಹತ್ತಿರ.
ಕೇಳುತ್ತಲೇ ನಕ್ಕಳು.
ಅದು ಎಪ್ಪೊ ಅಲ್ಲ, ಮಂಜು.
ಸಮುದ್ರದ ಕಡೆಯಿಂದ ಮಂಜು ಬಂದರೆ
ಒಳಗಿನ ಮರ ಉಬ್ಬಿ ಆ ಸ್ವರ ಕಚ್ಚಿಕೊಳ್ಳುತ್ತಿತ್ತು,
ಬೆರಳು ತೆಗೆದರೂ ಅಳು ನಿಲ್ಲಿಸುತ್ತಿರಲಿಲ್ಲ.
ಬೇರೆಯವರಾದರೆ ಎದ್ದು ಬಂದುಬಿಡುತ್ತಿದ್ದರು.
ಅವನು ಅದನ್ನೇ ಶ್ರುತಿಯೆಂದು ಹಿಡಿದು
ಸುತ್ತಲೂ ಕಟ್ಟುತ್ತಾ ಹೋದ.

ಕೊನೆಯಲ್ಲಿ ಕೈ ಎತ್ತಿದ ಮೇಲೂ ಅದು ಆರು ಸೆಕೆಂಡು ಒಂಟಿ.
ಆಮೇಲೆ ಟಕ್ ಎಂದು ಮೋಟಾರು ಆರಿದ ಸದ್ದು,
ಗಾಳಿ ಇಳಿದಂತೆ ಸ್ವರವೂ ಇಳಿಯುತ್ತಾ,
ಬಿಳಿ ಐದಕ್ಕೂ ಕೆಳಗೆ ಜಾರುತ್ತಾ...
ಅಲ್ಲೊಂದು ಕೆಮ್ಮು, ಅಂದೆ.
ಕೆಮ್ಮಲ್ಲ, ಅಂದಳು ಫ್ರೌಕ್ಯೆ. ಮತ್ತೆ ಹಾಕು.
ಮತ್ತೆ ಹಾಕಿದೆ. ಕಿವಿ ಹತ್ತಿರ ತಂದಳು.
ಆಯ್ತು ಆಯ್ತು, ಮಲಗಿನ್ನು, ಅಂತಿದ್ದಾನೆ.
ಯಾರಿಗೆ?
ಇನ್ಯಾರಿಗೆ, ಅದಕ್ಕೇ.

ಇಗರ್ಜಿಯ ಆರ್ಗನ್ನು ಈಗ ರಿಪೇರಿಯಾಗಿದೆ,
ಯಾವ ಮಂಜಿಗೂ ಅದು ಕಚ್ಚಿಕೊಳ್ಳುವುದಿಲ್ಲ.
ಹಾಗಾಗಿ ಮೊದಲ ಪುಟದ ನೆತ್ತಿಯಲ್ಲಿ ಬರೆದೆ:
ಬಿಳಿ ಆರರ ಮೇಲೆ ಸೀಸದ ಬಟ್ಟು ಇಡಿ, ನೂರು ಗ್ರಾಂ.
ಕೊನೆಯ ಪುಟದಲ್ಲಿ, ಎರಡು ಗೆರೆ ಎಳೆಯುವ ಮುನ್ನ:
ಮೋಟಾರು ಆರಿಸಿ. ಬಟ್ಟು ತೆಗೆಯಬೇಡಿ. ಕಾಯಿರಿ.

ಆ ಮಾತನ್ನು ಬರೆಯಲಿಲ್ಲ.
ಅದು ಬೀಳುವ ಜಾಗದಲ್ಲಿ
ಪೆನ್ಸಿಲಿನಿಂದ ಒಂದು ಅಲ್ಪವಿರಾಮ, ತೆಳ್ಳಗೆ.
ನುಡಿಸುವವರು ಬೇಕಾದರೆ ಕೆಮ್ಮಲಿ.