ಓರೆಗೆರೆಯ ಆಚೆ

ಮೂವತ್ತೊಂದು ವರ್ಷ ಅಮ್ಮತ್ತಿಯ ಅಂಚೆಕಚೇರಿಯಲ್ಲಿ
ಮೊಹರು ಒತ್ತಿದವಳು ನಾನು.
ಮಳೆಗೆ ಅಂಟು ಬಿಟ್ಟ ಲಕೋಟೆಗಳಿಗೆ
ಕಣ್ಣು ಗೋಡೆಯ ಕಡೆ ಇಟ್ಟೇ
ಗೋಂದು ಹಚ್ಚಿದ್ದೇನೆ.

ಈಗ ಐರ್ಲೆಂಡಿನ ಕಾರ್ಕ್ ಎಂಬ ಊರಿನಿಂದ
ಪತ್ರಾಗಾರದ ಹುಡುಗಿ ಗ್ರಾನ್ಯಾ ಕೇಳುತ್ತಾಳೆ:
ನಿಮ್ಮ ಕಡೆಯ ತೋಟದ ಒಂದು ಪೆಟ್ಟಿಗೆ ಇಲ್ಲಿದೆ,
ಇನ್ನೂರ ಹನ್ನೆರಡು ಕಾಗದ,
ದಯವಿಟ್ಟು ಓದಿ,
ಹೆಸರುಗಳನ್ನು ಗುರುತಿಸಿಕೊಡುವಿರಾ?

ದಯವಿಟ್ಟು ಓದಿ!
ಇಷ್ಟು ವರ್ಷದಲ್ಲಿ ಈ ಮಾತು
ಯಾರೂ ನನಗೆ ಹೇಳಿರಲಿಲ್ಲ.

ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ
ಹಾಳೆಗೆ ಮೂರು ರೂಪಾಯಿ.
ಊಟದ ಮೇಜು ಸಾಲದೆ ನೆಲಕ್ಕೂ
ಕಣದಲ್ಲಿ ಕಾಫಿ ಹರಡಿದ ಹಾಗೆ ಹರಡಿದೆ.

ಮಲ್ಕಾಹಿ ದೊರೆ. ಲೈನುಮನೆಗಳ ಬಾಯಲ್ಲಿ
ಮುಳ್ಳುಕಾಯಿ ದೊರೆ.
ಮಂಗಳೂರಿನ ಕ್ಯೂರಿಂಗ್ ಕಂಪನಿಗೆ ಬರೆಯುತ್ತಾನೆ:
ತೂಕದಲ್ಲಿ ಹನ್ನೊಂದು ಮೂಟೆ ಎಲ್ಲಿ ಹೋಯಿತು?
ಕತ್ತಿಯ ವ್ಯಾಪಾರಿಗೆ: ಹಿಡಿ ಸಡಿಲ, ಹಣ ವಾಪಸು ಮಾಡಿ.
ಇವೆಲ್ಲ ಟೈಪು.

ತಂಗಿಗೆ ಬರೆದದ್ದು ಮಾತ್ರ ಕೈಬರಹ,
ಇರುವೆ ಸಾಲು ದಾರಿ ತಪ್ಪಿದಂತೆ:
ಕಕ್ಕಡದ ಹದಿನೆಂಟಕ್ಕೆ ಇವರು ಯಾವುದೋ ಸೊಪ್ಪಿನ ರಸದಲ್ಲಿ
ನೇರಳೆ ಪಾಯಸ ಮಾಡುತ್ತಾರೆ, ಐಲೀನ್.
ಎರಡು ಬಟ್ಟಲು ತಿಂದೆ. ಮರುದಿನ ಬೆಳಿಗ್ಗೆ
ಉಚ್ಚೆಯ ಬಣ್ಣ ನೋಡಿ ಪಾದ್ರಿಗೆ ಹೇಳಿಕಳಿಸಿದೆ.

ಒಬ್ಬಳೇ ಕೂತು ನಕ್ಕೆ. ಬೆಕ್ಕು ಎದ್ದು ಹೋಯಿತು.

ಟೈಪು ಕಾಗದಗಳ ಕೆಳಗೆ, ಎಡಗಡೆ,
ದೊರೆಯ ದೊಡ್ಡಕ್ಷರ, ಒಂದು ಓರೆಗೆರೆ,
ಗೆರೆಯ ಆಚೆ ಚಿಕ್ಕಕ್ಷರದಲ್ಲಿ ಕೆ.ಬಿ.
ಗ್ರಾನ್ಯಾಳ ಪಟ್ಟಿಯಲ್ಲಿ: ಬೆರಳಚ್ಚುಗಾರ, ಅಪರಿಚಿತ.
ಅಪರಿಚಿತ ಅಲ್ಲಮ್ಮ.
ಕೊಟ್ಟೇರ ಬೆಳ್ಳಿಯಪ್ಪ, ತೋಟದ ರೈಟರು, ನನ್ನ ಅಪ್ಪ.
ಆ ಮೆಷಿನ್ನಿನ ಆರ್ ಅಕ್ಷರ
ಸಾಲಿಗಿಂತ ಎಳ್ಳಷ್ಟು ಮೇಲೆ ಜಿಗಿಯುತ್ತಿತ್ತು,
ಅಪ್ಪ ಅದನ್ನು ಆಡಿನ ಮರಿ ಎನ್ನುತ್ತಿದ್ದರು.

ನೂರ ನಲವತ್ತನೆಯದು ಮಾತ್ರ ಬೇರೆ.
ಐವತ್ತಾರರ ಜುಲೈ, ತಂಗಿಗೇ, ಆದರೆ ಟೈಪು.
ಕೈಗೆ ಕತ್ತಿ ತಾಗಿದೆ, ಅದಕ್ಕೇ ಹೀಗೆ,
ಚೆನ್ನಾಗಿದ್ದೇನೆ, ಮಳೆಯೂ ಬಿಟ್ಟಿದೆ.

ಅದೇ ದಿನ ಕಂಪನಿಗೆ ಹೋದ ಕಾಗದದಲ್ಲಿ
ಏಳು ಇಂಚು ನಲವತ್ತು ಸೆಂಟು ಮಳೆ,
ತೋಡಿನ ಸಂಕ ಕೊಚ್ಚಿಹೋಗಿದೆ,
ದೊರೆಗೆ ಹನ್ನೆರಡು ದಿನದಿಂದ ಜ್ವರ, ಮಾತು ತೊದಲು,
ಅವರ ಪರವಾಗಿ, ರೈಟರ್.

ತಂಗಿಯ ಕಾಗದದಲ್ಲಿ ಓರೆಗೆರೆ ಇಲ್ಲ, ಕೆ.ಬಿ. ಇಲ್ಲ.
ಆಡಿನ ಮರಿ ಮಾತ್ರ ಸಾಲುಸಾಲಲ್ಲೂ ಜಿಗಿಯುತ್ತಿದೆ.
ಕೊನೆಗೆ, ಇಂಗ್ಲಿಷಿನಲ್ಲಿ, ಒಂದು ಸಾಲು:
ನಿನ್ನ ಹೊಟ್ಟೆ ತಣ್ಣಗಿರಲಿ.

ಪಕ್ಕದಲ್ಲಿ ಗ್ರಾನ್ಯಾಳ ಪೆನ್ಸಿಲ್ಲು:
ಆಗ ಅಲ್ಲಿದ್ದ ಯಾವುದಾದರೂ ಉದರರೋಗವೇ?

ಆ ಹಾಳೆ ಹಿಡಿದು ತುಂಬ ಹೊತ್ತು ಕೂತಿದ್ದೆ.
ಕುಕ್ಕರ್ ಎಷ್ಟು ಕೂಗಿತೋ ಲೆಕ್ಕ ತಪ್ಪಿತು.
ಮನೆಯಲ್ಲಿ ಅಪ್ಪ ಯಾರಿಗೂ
ಹಾಗೆ ಹರಸಿದ್ದು ನಾನು ಕೇಳಿಲ್ಲ.
ಕೋಪ ಬಂದರೆ ಮೀಸೆ, ಖುಷಿಯಾದರೆ ಮೀಸೆ,
ಅಷ್ಟೇ ಅವರ ಮಾತು.
ಕಂಡರಿಯದ ಊರಿನ ಒಬ್ಬ ಹೆಂಗಸಿಗೆ
ಇಷ್ಟು ಮೃದುವಾಗಿ, ಇನ್ನೊಬ್ಬನ ಹೆಸರಿನಲ್ಲಿ.

ಸೆಪ್ಟೆಂಬರಿನಿಂದ ಮತ್ತೆ ಇರುವೆ ಸಾಲು.
ದೊರೆ ಬದುಕಿದ.

ಇನ್ನೂರ ಹನ್ನೊಂದಕ್ಕೂ ಉತ್ತರ ತುಂಬಿ ಕಳಿಸಿದೆ,
ಅಪ್ಪನ ಹೆಸರನ್ನು ಇಡಿಯಾಗಿ, ಮನೆತನ ಸಮೇತ.
ನೂರ ನಲವತ್ತಕ್ಕೆ ಬರೆದೆ:
ರೋಗವಲ್ಲ, ಇದು ನಮ್ಮ ಕಡೆಯ ಹರಕೆ.
ದೊರೆಗೆ ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು.

ದೊರೆಗೆ ಬರುತ್ತಿದ್ದದ್ದು ಹನ್ನೊಂದು ಶಬ್ದ.
ಏಳು ಬೈಗುಳ.