ಬೋಟಿಗೆ ರಜೆ

ಅರವತ್ತೊಂದು ದಿನ ಬೋಟಿಗೆ ರಜೆ.
ಹತ್ತನೇ ದಿನಕ್ಕೇ ಇವರಿಗೆ ಮನೆ ಸಾಕಾಯಿತು,
ಮನೆಗೂ ಇವರು.
ಬಲೆ ಹೊಲಿದರು, ಮಾಡಿನ ಹಂಚು ಸರಿಸಿದರು,
ಸರಿಯಿದ್ದ ಮಿಕ್ಸಿ ಬಿಚ್ಚಿಟ್ಟರು.
ಆದಿತ್ಯವಾರ ಪ್ರಾಪ್ತಿ ಹೇಳಿದಳು:
ಸಂತೆಕಟ್ಟೆಯ ಆಚೆ ಹೊಸ ಪಾರ್ಕು,
ಒಳಗೆ ಮೀನುಂಟು, ಜೀವದ ಮೀನು.

ಮಲ್ಪೆಯಿಂದ ಮೀನು ನೋಡಲು ಹೊರಟೆವು
ಎರಡು ಬಸ್ಸು ಬದಲಿಸಿ.
ದಾರಿಯಲ್ಲಿ ಸಿಕ್ಕಿ ಕೇಳಿದವರಿಗೆಲ್ಲ
ಅತ್ತೆ ಹೇಳಿದ್ದು: "ಆಸ್ಪತ್ರೆಗೆ."

ಗೇಟಿನಲ್ಲಿ ಸಿಮೆಂಟಿನ ಡಾಲ್ಫಿನ್, ಮೂತಿಗೆ ಪಾಚಿ.
ಕೆಟ್ಟ ಪುಟಾಣಿ ರೈಲು ಟಾರ್ಪಾಲು ಹೊದ್ದು ಮಲಗಿತ್ತು,
ದಕ್ಕೆಯಲ್ಲಿ ನಮ್ಮ ಬೋಟು ಮಲಗಿದ ಹಾಗೆಯೇ.
ದೊಡ್ಡವರಿಗೆ ನೂರಿಪ್ಪತ್ತು, ಅಜ್ಜಿಯಂದಿರಿಗೆ ಎಂಬತ್ತು.
"ಅರವತ್ತು ಮಾಡು" ಎಂದರು ಅತ್ತೆ.
ಕೌಂಟರಿನವಳಿಗೆ ನಗು ಬಂತು. ಅತ್ತೆಗೆ ಇಲ್ಲ.

ಒಳಗೆ ನೀಲಿ ಕತ್ತಲೆ, ಪಂಪಿನ ಗುಳುಗುಳು.
ಮೀನು ತೋರಿಸುವ ಹುಡುಗ ಗದಗಿನವನು,
ಕಡಲು ಕಂಡು ಎಂಟು ತಿಂಗಳಾಯಿತಂತೆ,
ಬಾಯಿಪಾಠ ಒಪ್ಪಿಸಿದ ನಮ್ಮ ಸಂಸಾರಕ್ಕೆ:
"ಇದು ತೊರಕಿ ಮೀನ್ರೀ, ಬಾಲದಾಗ ಮುಳ್ಳ ಇರ್ತೈತಿ, ಭಾಳ ವಿಷ."
ಇವರ ಎಡ ಅಂಗೈಯಲ್ಲಿ
ಆ ಮುಳ್ಳಿನ ಗುರುತು ಈಗಲೂ ಉಂಟು.
ಆ ಕೈಯನ್ನು ಕಿಸೆಗೆ ಹಾಕಿ ಇವರು
"ಹೌದಾ?" ಅಂದರು.

ಅತ್ತೆ ಒಂದೊಂದು ಗಾಜಿನೆದುರೂ ಬಗ್ಗಿ
ಕಿವಿರಿನ ಕೆಂಪು ಹುಡುಕುತ್ತಾರೆ.
ಒತ್ತಿ ನೋಡಲು ತಾನಾಗಿ ಮುಂದೆ ಹೋದ ಬೆರಳು
ಗಾಜಿಗೆ ಬಡಿದು ಹಿಂದೆ ಬರುತ್ತದೆ.
"ಇದಕ್ಕೆ ಐವತ್ತೂ ಸಿಗಲಿಕ್ಕಿಲ್ಲ. ಬರೀ ಬಣ್ಣ."

ತನುಷ್ ಕೇಳಿದ: ಅಪ್ಪ, ಇವೆಲ್ಲ ನಿನಗೆ ಗೊತ್ತಾ?
ಇವರು ಸ್ವಲ್ಪ ತಡೆದರು.
ಮೇಲಿನಿಂದ ಗೊತ್ತು, ಮಗ.
ಹೀಗೆ ಪಕ್ಕದಲ್ಲಿ ನಿಂತು ನೋಡಿದ್ದಿಲ್ಲ.

ಕೊನೆಗೆ ಗಾಜಿನ ಸುರಂಗ. ಹನ್ನೆರಡೇ ಹೆಜ್ಜೆ.
ತಲೆಯ ಮೇಲೆ ನೀರು, ನೀರಿನ ಮೇಲೆ ಟ್ಯೂಬ್‌ಲೈಟು.
ಮಕ್ಕಳು ನಾಲ್ಕು ಸಲ ಓಡಿ ಬಂದರು.
ಇವರು ಬಾಗಿಲಲ್ಲೇ ನಿಂತರು.
ನಾನು ನಡೆದೆ; ಏಳನೇ ಹೆಜ್ಜೆಗೆ ಕಾಲು ಮುಂದೆ ಬರಲಿಲ್ಲ.
ಆಗಸ್ಟಿನಿಂದ ಮೇ ತನಕ, ಪ್ರತಿ ರಾತ್ರಿ
ದೀಪ ಆರಿಸಿದ ಮೇಲೆ ನಾನು ಹೋಗಿ ನಿಲ್ಲುವ ಜಾಗ ಇದು,
ಅಡಿಯಿಂದ ಮೇಲೆ ನೋಡುತ್ತ.
ಇಷ್ಟು ಬೆಳಕಿರುತ್ತದೆ ಅಂದುಕೊಂಡಿರಲಿಲ್ಲ.
ಹೊರಗೆ ಬಂದಾಗ ಇವರು ಕೇಳಿದರು, "ಹೇಗುಂಟು?"
"ಎಸಿ ಜಾಸ್ತಿ" ಅಂದೆ.

ಹೊರಗೊಂದು ತೊಟ್ಟಿ: ಐವತ್ತು ರೂಪಾಯಿಗೆ
ಕಾಲು ಕಚ್ಚುವ ಮೀನು, ಹತ್ತು ನಿಮಿಷ.
ಮಣಿಪಾಲದ ಮೂರು ಹುಡುಗಿಯರ ಬಿಳಿ ಪಾದ ಮೊದಲೇ ಕೂತಿದ್ದವು.
ಮಕ್ಕಳ ಹಟಕ್ಕೆ ಇವರು ಪ್ಯಾಂಟು ಮಡಚಿ
ಕಾಲಿಳಿಸಿದ್ದೇ ತಡ,
ತೊಟ್ಟಿಯ ಮೀನೆಲ್ಲ ಹುಡುಗಿಯರನ್ನು ಬಿಟ್ಟು ಇತ್ತ ಬಂತು.
ಇಪ್ಪತ್ತು ವರ್ಷದ ಉಪ್ಪು, ಬಿರಿದ ಹಿಮ್ಮಡಿ!
ಬೆಂಚು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು
ಕಚಗುಳಿಗೆ ಕಿರುಚಿದರು ಇವರು.
ಮದುವೆಯಾಗಿ ಹದಿಮೂರು ವರ್ಷ,
ಆ ಸ್ವರ ನಾನು ಕೇಳಿರಲಿಲ್ಲ.
ಅತ್ತೆ ಹೇಳಿದರು: "ತಿನ್ನಲಿ ಬಿಡು.
ನಾವೆಷ್ಟು ತಿಂದಿದ್ದೇವೆ."

ಹೊರಡುವಾಗ ಅತ್ತೆ ಕಾಣೆ.
ಐಸ್‌ಕ್ರೀಮಿನ ಅಂಗಡಿಯಲ್ಲಿಲ್ಲ, ಉಯ್ಯಾಲೆಯ ಹತ್ತಿರ ಇಲ್ಲ.
ನೋಡಿದರೆ ಹಿಂಬಾಗಿಲಲ್ಲಿ, ಗದಗಿನ ಹುಡುಗನ
ಆಹಾರದ ಡಬ್ಬಿಗೆ ಕೈ ಹಾಕಿ
ಒಣ ಸಿಗಡಿ ಮೂಸುತ್ತಿದ್ದಾರೆ.
"ಯಾರು ಕೊಟ್ಟದ್ದು ನಿನಗೆ ಇದು? ಅರ್ಧ ಹೊಯ್ಗೆ.
ಹೇಳಲಿಕ್ಕೆ ಬಾಯಿಲ್ಲ ಅಂತ, ಪಾಪ,
ಅವಕ್ಕೆ ಇಂಥದ್ದು ಹಾಕುವುದಾ?"
ಹುಡುಗ ಬೆವರಿ, ಮ್ಯಾನೇಜರನ್ನು ಕರೆದು,
ಮ್ಯಾನೇಜರೂ ಮೂಸಿ,
ಕೊನೆಗೆ ಟಿಕೆಟಿನ ಹಿಂದೆ ನಂಬರು ಬರೆದುಕೊಂಡರು:
ಸುಂದರಿ ಮೆಂಡನ್, ಒಣಮೀನು, ಮಲ್ಪೆ.

ಈಗ ಶುಕ್ರವಾರಕ್ಕೊಮ್ಮೆ ಅತ್ತೆ
ಹೆಕ್ಕಿ ಗಾಳಿಸಿದ ಎರಡು ಕಿಲೋ ಹಿಡಿದು ಬಸ್ಸು ಹತ್ತುತ್ತಾರೆ.
ಆಸ್ಪತ್ರೆಗೆ ಅನ್ನುವುದಿಲ್ಲ.
ಗೇಟಿನಲ್ಲಿ ಟಿಕೆಟೂ ಇಲ್ಲ.
ಸಂಜೆ ಬಂದು, ಕಾಲು ತೊಳೆದು, ವರದಿ.

ಬೋಟು ಹೋಗಿ ಇಂದಿಗೆ ಆರು ದಿನ.
ತೊರಕೆ ಮೈ ತುಂಬಿಕೊಂಡಿದೆಯಂತೆ.